ಕಸಾಯಿಖಾನೆ ಕಾರ್ಮಿಕರ ಕಾಯಿಲೆಗೆ ಲೆಕ್ಕ ಇಡುವವರು ಯಾರು?

ಮಾನ್ಯ ಸಂಪಾದಕರೇ,

ಮಾಂಸದ ಶುಚಿತ್ವ, ಅದರಲ್ಲಿ ಉಳಿದುಬಿಡುವ ಔಷಧದ ಅಂಶ, ಸಾಗಣೆಯ ವೇಳೆ ಅದು ಕೆಡುವ ಬಗೆ, ಇವೆಲ್ಲ ಪತ್ರಿಕೆಗಳಲ್ಲಿ ಆಗಾಗ ಚರ್ಚೆಗೆ ಬರುತ್ತವೆ. ತಿನ್ನುವವರ ಆರೋಗ್ಯದ ಪ್ರಶ್ನೆಯಾದ್ದರಿಂದ ಬರಬೇಕಾದದ್ದೇ. ಆದರೆ ಪ್ರಾಣಿಯನ್ನು ಕೊಯ್ದು, ಚರ್ಮ ಸುಲಿದು, ಕರುಳು ತೆಗೆದು, ಮಾಂಸ ತುಂಡರಿಸಿ ಕಳುಹಿಸುವ ಕಾರ್ಮಿಕರಿಗೆ ಆ ಕೆಲಸದಿಂದಲೇ ತಗಲುವ ಸೋಂಕುಗಳ ಬಗ್ಗೆ ಮಾತೆತ್ತುವವರು ವಿರಳ. ಪಶುವೈದ್ಯನಾಗಿ ವೃತ್ತಿಯ ಬಹುಪಾಲನ್ನು ಮಾಂಸ ತಪಾಸಣೆಯಲ್ಲೇ ಕಳೆದ ನನ್ನನ್ನು ಈ ಮೌನ ಬಹಳ ಕಾಲದಿಂದ ಕಾಡುತ್ತಿದೆ. ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಸಂಗತಿ. ರೋಗಪೀಡಿತ ಪ್ರಾಣಿಯನ್ನು ಗುರುತಿಸುವ ವ್ಯವಸ್ಥೆ ಕಸಾಯಿಖಾನೆಯೊಳಗೆ ಈಗಾಗಲೇ ಇದೆ. ಅದು ಕಂಡುಕೊಂಡದ್ದನ್ನು ಆ ಪ್ರಾಣಿಯನ್ನು ಕೊಯ್ದ ಮನುಷ್ಯನಿಗೂ ಅವನಿಗೆ ಚಿಕಿತ್ಸೆ ನೀಡುವ ವೈದ್ಯರಿಗೂ ಮುಟ್ಟಿಸುವ ಏರ್ಪಾಡು ಮಾತ್ರ ಬಹುತೇಕ ಎಲ್ಲೂ ಇಲ್ಲ.

ತಪಾಸಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ವಧೆಗೆ ಮುನ್ನ ಪ್ರಾಣಿಯ ನಡಿಗೆ, ಉಸಿರಾಟ, ಮೈಬಿಸಿ, ಮೂಗು ಬಾಯಿಗಳ ಸ್ರಾವ ನೋಡುತ್ತೇವೆ. ವಧೆಯ ನಂತರ ತಲೆ, ಶ್ವಾಸಕೋಶ, ಯಕೃತ್ತು, ಗುಲ್ಮ, ಮೂತ್ರಪಿಂಡ, ಗರ್ಭಕೋಶ, ಕೆಚ್ಚಲು ಮತ್ತು ಇವುಗಳ ಬಳಿಯ ದುಗ್ಧಗ್ರಂಥಿಗಳನ್ನು ಕಣ್ಣಾರೆ ನೋಡಿ, ಕೈಯಿಂದ ಒತ್ತಿ, ಅಗತ್ಯವಿದ್ದಲ್ಲಿ ಸೀಳಿ ಪರೀಕ್ಷಿಸುತ್ತೇವೆ. ಶ್ವಾಸಕೋಶದ ಗ್ರಂಥಿಯನ್ನು ಸೀಳಿದಾಗ ಒಳಗೆ ಗಿಣ್ಣಿನಂತೆ ಹಳದಿಯಾದ, ಚಾಕುವಿಗೆ ಮರಳು ತಾಗಿದ ಹಾಗೆ ಕರಕರ ಎನ್ನುವ ಗಂಟು ಸಿಕ್ಕರೆ ಕ್ಷಯದ ಶಂಕೆ ಬರುತ್ತದೆ. ಆ ಅಂಗವನ್ನೋ, ಕೆಲವೊಮ್ಮೆ ಇಡೀ ದೇಹವನ್ನೋ ತಿನ್ನಲು ಅನರ್ಹವೆಂದು ಪಕ್ಕಕ್ಕೆ ಹಾಕಿ, ತಿರಸ್ಕೃತ ಅಂಗಗಳ ಪುಸ್ತಕದಲ್ಲಿ ಪ್ರಾಣಿಯ ಗುರುತು, ಅಂಗದ ಹೆಸರು, ತಿರಸ್ಕಾರದ ಕಾರಣ ಬರೆದು ಸಹಿ ಮಾಡುತ್ತೇವೆ. ಆದರೆ ಗ್ರಂಥಿಯ ಮೇಲೆ ತಪಾಸಕರ ಚಾಕು ಆಡುವ ಹೊತ್ತಿಗೆ ಅದೇ ಪ್ರಾಣಿಯ ರಕ್ತ ಬಸಿದವರು, ಚರ್ಮ ಸುಲಿದವರು, ಎದೆಗೂಡು ಸೀಳಿದವರು, ಕರುಳು ಎಳೆದವರು ತಮ್ಮ ಪಾಲಿನ ಕೆಲಸ ಮುಗಿಸಿ ಮುಂದಿನ ಪ್ರಾಣಿಯ ಬಳಿಗೆ ಹೋಗಿಯಾಗಿರುತ್ತದೆ. ತಪಾಸಣೆಯ ತೀರ್ಪು ತಿನ್ನುವವರ ಪಾಲಿಗೆ ಸಕಾಲದಲ್ಲಿ ಬರುತ್ತದೆ. ಕೊಯ್ದವರ ಪಾಲಿಗೆ ಅದು ಸಹಜವಾಗಿಯೇ ತಡ. ತಡವಾಗಿಯಾದರೂ ಅವರನ್ನು ತಲುಪಬೇಕಿತ್ತು, ತಲುಪುವುದಿಲ್ಲ. ಆ ಪುಸ್ತಕದಲ್ಲಿ ಪ್ರಾಣಿಗೆ ಒಂದು ಸಾಲು ಇದೆ, ಮನುಷ್ಯನಿಗೆ ಇಲ್ಲ.

ಇದರಿಂದ ಆಗುವ ಅನಾಹುತವನ್ನು ಅರ್ಥ ಮಾಡಿಕೊಳ್ಳಲು ಬ್ರುಸೆಲ್ಲೋಸಿಸ್, ಅಂದರೆ ಪಶುಪಾಲಕರು ಕಂದು ರೋಗ ಎಂದು ಕರೆಯುವ ಕಾಯಿಲೆಗಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಈ ರೋಗಾಣುವನ್ನು ಬೇರ್ಪಡಿಸಿದರು. 1897ರಲ್ಲಿ ಬರ್ನಾರ್ಡ್ ಬ್ಯಾಂಗ್ ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ಇದೇ ಗುಂಪಿನ ರೋಗಾಣುವನ್ನು ಕಂಡರು. 1905ರಲ್ಲಿ ಥೆಮಿಸ್ಟೋಕ್ಲೀಸ್ ಝಮ್ಮಿಟ್ ಮಾಲ್ಟಾದ ಆಡುಗಳೇ ಸೋಂಕಿನ ಮೂಲ ಎಂದು ತೋರಿಸಿದರು. ಅಂದರೆ ಇದು ಹೊಸ ಕಾಯಿಲೆಯೇನೂ ಅಲ್ಲ. ನೂರು ವರ್ಷಗಳಿಗೂ ಹಿಂದೆಯೇ ಇದರ ಮೂಲ ಗೊತ್ತಾಗಿತ್ತು. ಹಾಲು ಕಾಯಿಸಿ ಕುಡಿಯುವುದರಿಂದ, ಪ್ಯಾಶ್ಚರೀಕರಣದಿಂದ ಗ್ರಾಹಕರಿಗೆ ರಕ್ಷಣೆ ಸಿಕ್ಕಿತು. ಪ್ರಾಣಿಯನ್ನೇ ಕೈಯಲ್ಲಿ ಹಿಡಿದು ಕೊಯ್ಯುವವರಿಗೆ ಅಂಥ ಸುಲಭದ ರಕ್ಷಣೆ ಇಲ್ಲ.

ಈ ರೋಗಾಣು ಸೋಂಕಿತ ಪ್ರಾಣಿಯ ಗರ್ಭಕೋಶ, ಮಾಸು, ಗರ್ಭಜಲ ಮತ್ತು ಕೆಚ್ಚಲಲ್ಲಿ ಅಪಾರ ಪ್ರಮಾಣದಲ್ಲಿ ಸೇರಿರುತ್ತದೆ. ಗಬ್ಬವಾಗಿದ್ದ ಪ್ರಾಣಿಯ ಹೊಟ್ಟೆ ಸೀಳಿದಾಗ ಕರುಳಿನ ಜೊತೆಗೆ ಗರ್ಭಕೋಶವೂ ಜಾರಿ ಹೊರಬರುತ್ತದೆ. ಅದು ಭಾರವಾಗಿರುತ್ತದೆ, ನುಣುಪಾಗಿರುತ್ತದೆ, ಎರಡೂ ತೋಳುಗಳಲ್ಲಿ ಅಪ್ಪಿ ಹಿಡಿಯದೆ ತೆಗೆಯಲಾಗದು. ಚಾಕುವಿನ ಮೊನೆ ಒಂದಿಷ್ಟು ತಾಗಿದರೂ ಒಳಗಿನ ನೀರು ಚಿಮ್ಮಿ ಮುಖಕ್ಕೆ, ಎದೆಗೆ, ತೋಳಿಗೆ ಎರಚುತ್ತದೆ. ಕೈಗವಸು ಮೊಣಕೈವರೆಗೆ ಇದ್ದರೂ ದ್ರವ ಅದರ ಅಂಚಿನಿಂದ ಒಳಗಿಳಿಯುತ್ತದೆ. ಎರಡೂ ಕೈ ಕೆಲಸದಲ್ಲಿ ಸಿಕ್ಕಿಕೊಂಡಿರುವ ಕಾರ್ಮಿಕ ಕಣ್ಣಿಗಿಳಿದ ಬೆವರನ್ನು ಮೇಲ್ದೋಳಿನಿಂದ ಒರೆಸಿಕೊಳ್ಳುತ್ತಾನೆ. ಆ ತೋಳಿನ ಮೇಲೆ ಅದೇ ದ್ರವ ಇರುತ್ತದೆ. ಬ್ರುಸೆಲ್ಲಾ ದೇಹದೊಳಗೆ ಹೋಗಲು ಇಷ್ಟೇ ಸಾಕು. ಚರ್ಮದ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು, ಕಣ್ಣಿನ ಪೊರೆ, ಉಸಿರಾಡುವ ಗಾಳಿಯಲ್ಲಿನ ಸೂಕ್ಷ್ಮ ಹನಿ, ಈ ಮೂರೂ ಅದಕ್ಕೆ ದಾರಿಗಳೇ. ಈ ಕೆಲಸ ಮಾಡುವವರ ಕೈ ಬೆರಳುಗಳನ್ನು ನೋಡಿದವರಿಗೆ, ಅಲ್ಲಿ ಗೀರುಗಳಿಲ್ಲದ ದಿನವೇ ಇರುವುದಿಲ್ಲ ಎಂಬುದು ಗೊತ್ತಿರುತ್ತದೆ.

ಇನ್ನು ಕಾಯಿಲೆ ಕಾಣಿಸಿಕೊಳ್ಳುವ ಬಗೆ. ಸೋಂಕು ತಗಲಿದ ಕೆಲವು ವಾರಗಳ ನಂತರ, ಕೆಲವೊಮ್ಮೆ ತಿಂಗಳುಗಳ ನಂತರ ಜ್ವರ ಶುರುವಾಗುತ್ತದೆ. ಸಂಜೆಗೆ ಏರುತ್ತದೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು ಬರುತ್ತದೆ, ಬೆಳಗ್ಗೆ ಇಳಿದಂತೆ ಕಾಣುತ್ತದೆ. ಸೊಂಟ, ಕೀಲುಗಳಲ್ಲಿ ನೋವು, ವಿಪರೀತ ಸುಸ್ತು. ಗಂಡಸರಲ್ಲಿ ವೃಷಣ ಊದಿಕೊಳ್ಳಬಹುದು. ನಾಚಿಕೆಯಿಂದ ಅದನ್ನು ಹೇಳಿಕೊಳ್ಳುವುದೂ ಇಲ್ಲ. ಇಂಥ ಜ್ವರವನ್ನು ಟೈಫಾಯ್ಡ್ ಎಂದೋ ಮಲೇರಿಯಾ ಎಂದೋ ಭಾವಿಸುವುದು ಸುಲಭ, ಬೆನ್ನುಮೂಳೆಯ ನೋವು ಜೋರಾಗಿದ್ದರೆ ಕ್ಷಯ ಎಂದೂ ಅನ್ನಿಸಬಹುದು. ನಾಲ್ಕೈದು ದಿನದ ಮಾತ್ರೆಯಿಂದ ಜ್ವರ ತಗ್ಗುತ್ತದೆ, ಮತ್ತೆ ಮರುಕಳಿಸುತ್ತದೆ. ಈ ರೋಗಾಣು ನಮ್ಮ ದೇಹದ ರಕ್ಷಕ ಕೋಶಗಳ ಒಳಗೇ ಸೇರಿಕೊಂಡು ಬದುಕುವುದರಿಂದ ಅದನ್ನು ಹೊರದಬ್ಬಲು ಕನಿಷ್ಠ ಆರು ವಾರ ಡಾಕ್ಸಿಸೈಕ್ಲಿನ್ ಮತ್ತು ಅದರ ಜೊತೆಗೆ ರಿಫಾಂಪಿಸಿನ್, ಸ್ಟ್ರೆಪ್ಟೊಮೈಸಿನ್ ಅಥವಾ ಜೆಂಟಮೈಸಿನ್‌ಗಳಲ್ಲೊಂದನ್ನು ಕೊಡಬೇಕಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ರೋಗ ಬೆನ್ನುಮೂಳೆಯಲ್ಲಿ, ಕೀಲಿನಲ್ಲಿ, ಅಪರೂಪಕ್ಕೆ ಹೃದಯದ ಕವಾಟದಲ್ಲಿ ನೆಲೆಯೂರುತ್ತದೆ. ಜನರ ಬಳಕೆಗೆ ವ್ಯಾಪಕವಾಗಿ ಒಪ್ಪಿಗೆ ಪಡೆದ ಲಸಿಕೆ ಇದಕ್ಕಿಲ್ಲ. ಇರುವ ಲಸಿಕೆಗಳು ಪ್ರಾಣಿಗಳಿಗೆ. ಹೆಣ್ಣು ಕರುಗಳಿಗೆ ಹಾಕುವ ಲಸಿಕೆ ಕೊಟ್ಟಿಗೆಯಿಂದ ಬಲುದೂರದಲ್ಲಿರುವ ಕಾರ್ಮಿಕನನ್ನೂ ಕಾಯುತ್ತದೆ ಎಂಬುದನ್ನು ಪಶುಸಂಗೋಪನೆಯ ಯೋಜನೆಗಳನ್ನು ರೂಪಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಜ್ವರಕ್ಕೆ ಹೆಸರು ಸಿಗಬೇಕಾದರೆ ವೈದ್ಯರು ರೋಗಿಯನ್ನು ಕೇಳಬೇಕಾದದ್ದು ಒಂದೇ ಪ್ರಶ್ನೆ: ಏನು ಕೆಲಸ ಮಾಡುತ್ತೀರಿ? ಆ ಪ್ರಶ್ನೆ ಸಾಮಾನ್ಯವಾಗಿ ಬರುವುದಿಲ್ಲ. ಬಂದರೂ ಉತ್ತರ ಸರಿಯಾಗಿ ಬರುತ್ತದೆ ಎಂಬ ಭರವಸೆ ಇಲ್ಲ, ಏಕೆಂದರೆ ಸಮಾಜ ಈ ಕೆಲಸವನ್ನು ನೋಡುವ ದೃಷ್ಟಿಯಿಂದ ನೊಂದ ಅನೇಕರು ‘ಕೂಲಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅವರನ್ನು ದೂಷಿಸುವಂತಿಲ್ಲ. ಹೇಳಿಕೊಳ್ಳಲು ಹಿಂಜರಿಯುವಂತೆ ಮಾಡಿದವರು ನಾವು.

ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿ ಇದೆ. 1935ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಕಸಾಯಿಖಾನೆಯ ಕೆಲಸಗಾರರಿಗೆ ಕಾರಣ ತಿಳಿಯದ ಜ್ವರ ಬರುತ್ತಿತ್ತು. ಅದನ್ನು ಪರಿಶೀಲಿಸಲು ನೇಮಕಗೊಂಡ ಎಡ್ವರ್ಡ್ ಡೆರಿಕ್ ಅದು ಆಗ ಗೊತ್ತಿದ್ದ ಯಾವ ಜ್ವರಕ್ಕೂ ಹೊಂದುವುದಿಲ್ಲವೆಂದು ಮನಗಂಡು, ರೋಗಿಗಳ ರಕ್ತವನ್ನು ಗಿನಿಯಿಲಿಗಳಿಗೆ ಚುಚ್ಚಿ ಸೋಂಕನ್ನು ಸಾಬೀತುಪಡಿಸಿ, 1937ರಲ್ಲಿ ಕ್ಯೂ ಜ್ವರ ಎಂಬ ಹೊಸ ಕಾಯಿಲೆಯನ್ನು ಲೋಕದ ಮುಂದಿಟ್ಟರು. ಮ್ಯಾಕ್‌ಫರ್ಲೇನ್ ಬರ್ನೆಟ್ ಅದರ ರೋಗಾಣುವನ್ನು ಗುರುತಿಸಿದರು. ಕಾಕ್ಸಿಯೆಲ್ಲಾ ಬರ್ನೆಟಿ ಎಂಬ ಹೆಸರಿನಲ್ಲಿ ಅವರ ನೆನಪಿದೆ. ಒಂದಿಡೀ ಕಾಯಿಲೆ ವೈದ್ಯಶಾಸ್ತ್ರಕ್ಕೆ ಪರಿಚಯವಾದದ್ದು ಕಸಾಯಿಖಾನೆಯ ಕಾರ್ಮಿಕರ ಮೈಮೂಲಕ. ಅವರ ಜ್ವರವನ್ನು ಒಬ್ಬರು ಗಂಭೀರವಾಗಿ ತೆಗೆದುಕೊಂಡದ್ದರಿಂದ.

ಕ್ಯೂ ಜ್ವರ ಬ್ರುಸೆಲ್ಲೋಸಿಸ್‌ಗಿಂತ ಒಂದು ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಅದು ಗಾಳಿಯಲ್ಲಿ ಹರಡುತ್ತದೆ, ಒಣಗಿದ ದೂಳಿನಲ್ಲಿ ಬಹುಕಾಲ ಜೀವ ಹಿಡಿದುಕೊಂಡಿರುತ್ತದೆ, ಕೆಲವೇ ರೋಗಾಣುಗಳು ಉಸಿರಿನಲ್ಲಿ ಸೇರಿದರೂ ಸೋಂಕು ತಗಲುತ್ತದೆ. ಹೀಗಾಗಿ ಪ್ರಾಣಿಯನ್ನು ಮುಟ್ಟದ ಗುಮಾಸ್ತ, ಸಮವಸ್ತ್ರ ಒಗೆಯುವವರು, ಚರ್ಮ ಸಾಗಿಸುವ ಲಾರಿಯ ಚಾಲಕ, ಯಂತ್ರ ದುರಸ್ತಿಗೆಂದು ಬಂದ ಮೆಕ್ಯಾನಿಕ್ ಕೂಡ ಇದಕ್ಕೆ ಗುರಿಯಾಗಬಹುದು. ಗರ್ಭಿಣಿಯರಿಗೆ, ಹೃದಯದ ಕವಾಟದ ತೊಂದರೆ ಇರುವವರಿಗೆ ಇದು ವಿಶೇಷ ಅಪಾಯ. ಆಸ್ಟ್ರೇಲಿಯಾದಲ್ಲಿ 1989ರಿಂದ ಇದಕ್ಕೆ ಲಸಿಕೆ ಲಭ್ಯವಿದೆ. ಅಲ್ಲಿನ ಸರ್ಕಾರ 2001ರಲ್ಲಿ ಕಸಾಯಿಖಾನೆ ಕಾರ್ಮಿಕರಿಗೂ ರೈತರಿಗೂ ಅದನ್ನು ಹಾಕಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಲಸಿಕೆಗೆ ಮುನ್ನ ಚರ್ಮದ ಪರೀಕ್ಷೆ, ರಕ್ತಪರೀಕ್ಷೆ ಎರಡನ್ನೂ ಮಾಡಿ, ಹಿಂದೆ ಸೋಂಕು ತಗಲಿದವರನ್ನು ಬಿಡಬೇಕಾಗುತ್ತದೆ, ಇಲ್ಲವಾದರೆ ತೀವ್ರ ಅಡ್ಡಪರಿಣಾಮ ಆಗಬಹುದು. ಕೆಲಸ ಸ್ವಲ್ಪ ಹೆಚ್ಚೇ. ಆದರೂ ಒಂದು ದೇಶ ಅದನ್ನು ಮಾಡಿ ತೋರಿಸಿದೆ ಎಂಬುದು ಗಮನಿಸಬೇಕಾದ ಮಾತು.

ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ ಬಗ್ಗೆ ಜನರಿಗೆ ಹೆಚ್ಚು ಗೊತ್ತಿದೆ, ಆದ್ದರಿಂದ ಒಂದೇ ಎಚ್ಚರಿಕೆ ಹೇಳುತ್ತೇನೆ. ಹಠಾತ್ತನೆ ಸತ್ತ, ಮೂಗು ಬಾಯಿ ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿರುವ ಪ್ರಾಣಿಯನ್ನು ಯಾವ ಕಾರಣಕ್ಕೂ ಕೊಯ್ಯಬಾರದು. ದೇಹ ತೆರೆದು ಗಾಳಿ ತಾಗಿದೊಡನೆ ರೋಗಾಣು ಬೀಜಕವಾಗಿ ಮಾರ್ಪಡುತ್ತದೆ, ಆ ಬೀಜಕ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮನುಷ್ಯರಲ್ಲಿ ಕಾಣುವ ಪ್ರಕರಣಗಳ ಪೈಕಿ ಶೇಕಡ 95ರಷ್ಟು ಚರ್ಮದ ಮೇಲಿನವು. ಕೈಯಲ್ಲೋ ಮುಂದೋಳಿನಲ್ಲೋ ಸೊಳ್ಳೆ ಕಚ್ಚಿದ ಗುಳ್ಳೆಯಂತೆ ಶುರುವಾಗಿ, ನಡುವೆ ಕಪ್ಪಗೆ ಕಟ್ಟಿಕೊಳ್ಳುವ ಈ ಹುಣ್ಣು ನೋಯುವುದಿಲ್ಲ. ನೋಯದ ಕಾರಣಕ್ಕೇ ಕಾರ್ಮಿಕ ಅದನ್ನು ಕಡೆಗಣಿಸಿ ಕೆಲಸಕ್ಕೆ ಹೋಗುತ್ತಾನೆ. ಸಕಾಲದಲ್ಲಿ ಔಷಧ ಸಿಕ್ಕರೆ ಸಾವು ಅತಿ ವಿರಳವಾದ ಈ ರೂಪದಲ್ಲಿ, ಔಷಧ ಸಿಗದಿದ್ದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ಸಾಯಬಹುದು. ನೋವಿಲ್ಲದ ಕಪ್ಪು ಹುಣ್ಣನ್ನು ತೋರಿಸುವ ಒಂದು ಚಿತ್ರವನ್ನು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಲು ಹೆಚ್ಚು ಖರ್ಚಾಗದು.

ತಪಾಸಣೆಯ ಮೇಲೆಯೇ ಎಲ್ಲ ಭಾರ ಹಾಕುವಂತಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕ್ರಿಮಿಯನ್ ಕಾಂಗೋ ರಕ್ತಸ್ರಾವ ಜ್ವರದ ವೈರಸ್ ಉಣುಗುಗಳಿಂದ ದನ, ಕುರಿ, ಆಡುಗಳಿಗೆ ಬರುತ್ತದೆ, ಸುಮಾರು ಒಂದು ವಾರ ಅವುಗಳ ರಕ್ತದಲ್ಲಿರುತ್ತದೆ, ಆದರೆ ಪ್ರಾಣಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಎಂಥ ನುರಿತ ಪಶುವೈದ್ಯನಾದರೂ ಕಣ್ಣಿನಿಂದ ನೋಡಿ ಇದನ್ನು ಹಿಡಿಯಲಾರ. ಆ ರಕ್ತ ಗಾಯಕ್ಕೆ ತಾಗಿದ ಮನುಷ್ಯನಲ್ಲಿ ಕಾಯಿಲೆ ಭೀಕರ ರೂಪ ತಾಳುತ್ತದೆ. ಹಿಂದಿನ ಹಾವಳಿಗಳಲ್ಲಿ ಸೋಂಕಿತರ ಪೈಕಿ ಶೇಕಡ 10ರಿಂದ 40ರಷ್ಟು ಮಂದಿ ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಧೆಗೆ ಎರಡು ವಾರ ಮೊದಲು ಪ್ರಾಣಿಗಳಿಗೆ ಉಣುಗು ನಾಶಕ ಹಾಕಿ ಪ್ರತ್ಯೇಕವಾಗಿಡುವುದು ಇದಕ್ಕಿರುವ ಮುಖ್ಯ ಮುನ್ನೆಚ್ಚರಿಕೆ. ಇಲ್ಲಿ ಕಾರ್ಮಿಕನ ರಕ್ಷಣೆ ಕಸಾಯಿಖಾನೆಯ ಬಾಗಿಲಿಗಿಂತ ಬಹಳ ಮೊದಲೇ ಆರಂಭವಾಗಬೇಕಾಗುತ್ತದೆ.

ಇಲಿ ಜ್ವರದ ಕತೆ ಬೇರೆ. ಅದು ಪ್ರಾಣಿಗಳ ಮೂತ್ರದಿಂದ, ಮೂತ್ರಪಿಂಡದಿಂದ, ಇಲಿ ಓಡಾಡಿದ ನೆಲದ ಮೇಲೆ ನಿಂತ ನೀರಿನಿಂದ ಬರುತ್ತದೆ. ಚರಂಡಿ ಸರಿಯಾಗಿ ಹರಿಯದ ಕಡೆ ಇಡೀ ದಿನ ಒದ್ದೆಯಲ್ಲಿ ನಿಂತು ಬಿರಿದ ಕಾಲುಬೆರಳುಗಳ ಸಂದಿಯೇ ಅದಕ್ಕೆ ಬಾಗಿಲು. ಹಂದಿಗಳಿಂದ ಬರುವ ಸ್ಟ್ರೆಪ್ಟೊಕಾಕಸ್ ಸೂಯಿಸ್ ಎಂಬ ರೋಗಾಣು ಮಿದುಳು ಪೊರೆಯ ಉರಿಯೂತ ಉಂಟುಮಾಡಿ, ಬದುಕುಳಿದವರಲ್ಲೂ ಅನೇಕರ ಕಿವಿ ಶಾಶ್ವತವಾಗಿ ಕೇಳದಂತೆ ಮಾಡುತ್ತದೆ. 2005ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಕಾಯಿಲೆ ಬಿದ್ದ, ಸತ್ತ ಹಂದಿಗಳನ್ನು ಕೊಯ್ದ 200ಕ್ಕೂ ಹೆಚ್ಚು ಮಂದಿಗೆ ಇದು ತಗಲಿ 38 ಜನ ಸತ್ತರು. 1999ರ ಮಾರ್ಚ್‌ನಲ್ಲಿ ಸಿಂಗಪುರದಲ್ಲಿ ಮಲೇಷ್ಯಾದಿಂದ ತಂದ ಹಂದಿಗಳನ್ನು ಕೊಯ್ದ ಕಸಾಯಿಖಾನೆಯ 11 ಕಾರ್ಮಿಕರಿಗೆ ನಿಪಾ ತಗಲಿತು, ಒಬ್ಬರು ತೀರಿಕೊಂಡರು. ನಿಪಾ ಎಂಬ ವೈರಸ್ ಇದೆ ಎಂಬುದೇ ಆಗಷ್ಟೇ ಜಗತ್ತಿಗೆ ಗೊತ್ತಾಗುತ್ತಿತ್ತು. ಪ್ರಾಣಿಗಳಿಂದ ಮನುಷ್ಯರತ್ತ ದಾಟುವ ಹೊಸ ಸೋಂಕಿನ ಹಾದಿಯಲ್ಲಿ ಮೊದಲು ನಿಂತಿರುವವರು ಇವರು. ಇವರ ಜ್ವರವನ್ನು ಗಮನಿಸುವುದು ಇವರಿಗಾಗಿ ಮಾತ್ರ ಮಾಡುವ ಉಪಕಾರವಲ್ಲ. ಉಳಿದ ನಾವೆಲ್ಲರೂ ಅದರ ಫಲಾನುಭವಿಗಳು.

ಪ್ರಾಣಿಗಳಿಂದಲ್ಲದೆ ಕಾರ್ಮಿಕರಿಂದ ಕಾರ್ಮಿಕರಿಗೆ ಹರಡುವ ಸೋಂಕಿಗೂ ಈ ಜಾಗ ಹೇಳಿ ಮಾಡಿಸಿದಂತಿದೆ ಎಂಬುದು 2020ರಲ್ಲಿ ಬಯಲಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆ ವರ್ಷದ ಜುಲೈನಲ್ಲಿ ಪ್ರಕಟಿಸಿದ ಅಂಕಿಅಂಶದ ಪ್ರಕಾರ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 239 ಮಾಂಸ ಸಂಸ್ಕರಣಾ ಘಟಕಗಳಲ್ಲಿ 16,233 ಕಾರ್ಮಿಕರಿಗೆ ಕೋವಿಡ್ ತಗಲಿ 86 ಮಂದಿ ಸತ್ತಿದ್ದರು. ಅತ್ಯಾಧುನಿಕ ಯಂತ್ರಗಳಿರುವ ಘಟಕಗಳಿವು. ತಂಪು ಕೋಣೆ, ಒಬ್ಬರ ಭುಜಕ್ಕೆ ಒಬ್ಬರ ಭುಜ ತಾಗುವಂತೆ ನಿಲ್ಲುವ ಸಾಲು, ಯಂತ್ರದ ಸದ್ದಿನ ನಡುವೆ ಕಿರುಚಿ ಮಾತಾಡಬೇಕಾದ ಸ್ಥಿತಿ, ಒಂದೇ ವಾಹನದಲ್ಲಿ ಪ್ರಯಾಣ, ಒಂದೇ ಕೋಣೆಯಲ್ಲಿ ಹಲವರ ವಾಸ, ಇವೆಲ್ಲವೂ ಸೇರಿಕೊಂಡವು. ಇವುಗಳಿಗಿಂತ ಮಿಗಿಲಾಗಿ, ಜ್ವರವಿದ್ದರೂ ಕೆಲಸಕ್ಕೆ ಬರದಿದ್ದರೆ ಕೂಲಿ ಹೋಗುತ್ತದೆ ಎಂಬ ಭಯ. ಯಾಂತ್ರೀಕರಣ ಆದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಸಂಬಳ ಸಹಿತ ಕಾಯಿಲೆ ರಜೆ ಇಲ್ಲದ ಕಡೆ ಯಾವ ಸೋಂಕು ನಿಯಂತ್ರಣವೂ ಬಾಯಿಮಾತಾಗಿಯೇ ಉಳಿಯುತ್ತದೆ.

ಸೋಂಕಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಇನ್ನೊಂದು ಪ್ರಕರಣ ಇದೆ. 2007ರಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದ ಆಸ್ಟಿನ್ ಎಂಬ ಊರಿನ ಹಂದಿ ಮಾಂಸದ ಘಟಕವೊಂದರಲ್ಲಿ ತಲೆಬುರುಡೆಯಿಂದ ಮಿದುಳನ್ನು ಒತ್ತಡದ ಗಾಳಿ ಊದಿ ಹೊರತೆಗೆಯಲಾಗುತ್ತಿತ್ತು. ಆ ಜಾಗದಲ್ಲೂ ಅದರ ಆಸುಪಾಸಿನಲ್ಲೂ ನಿಂತವರಿಗೆ ಕಾಲು ಸೋಲುವುದು, ಜೋಮು ಹಿಡಿಯುವುದು, ನಡೆಯಲಾಗದಿರುವುದು ಶುರುವಾಯಿತು. ಗಾಳಿಯಲ್ಲಿ ತೇಲಿದ ಹಂದಿಯ ನರಕೋಶದ ಹನಿಗಳು ಉಸಿರಿನಲ್ಲಿ ಸೇರಿ, ಅವುಗಳ ವಿರುದ್ಧ ದೇಹ ಹೂಡಿದ ಪ್ರತಿರೋಧ ತನ್ನದೇ ನರಗಳ ಮೇಲೆ ತಿರುಗಿದ್ದೇ ಇದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಈ ರೋಗಿಗಳು ಬೇರೆ ಬೇರೆ ವೈದ್ಯರ ಬಳಿ ಹೋಗಿದ್ದರು. ಅವರೆಲ್ಲರ ಕತೆಯೂ ಒಂದೇ ಎಂದು ಮೊದಲು ಗುರುತಿಸಿದ್ದು ಅವರ ಮಾತನ್ನು ವೈದ್ಯರಿಗೆ ಅನುವಾದಿಸಿ ಹೇಳುತ್ತಿದ್ದ ದುಭಾಷಿ. ಗಾಳಿ ಊದುವುದನ್ನು ನಿಲ್ಲಿಸಲಾಯಿತು, ಹೊಸ ಪ್ರಕರಣಗಳೂ ನಿಂತವು. ಬೇರೆ ಬೇರೆ ಚೀಟಿಗಳಲ್ಲಿ ಚದುರಿಹೋಗುವ ಮಾಹಿತಿಯನ್ನು ಒಂದು ಕಡೆ ಕೂಡಿಸುವವರು ಇಲ್ಲದಿದ್ದರೆ ಇಂಥ ಕಾಯಿಲೆ ವರ್ಷಗಟ್ಟಲೆ ಅಡಗಿರಬಹುದು. ನನ್ನ ಬೇಡಿಕೆಯ ತಿರುಳೂ ಇದೇ. ಒಬ್ಬ ದುಭಾಷಿಯ ಸೂಕ್ಷ್ಮಬುದ್ಧಿಯ ಮೇಲೆ ಕಾರ್ಮಿಕರ ಜೀವ ನಿಂತಿರಬಾರದು, ಅದು ವ್ಯವಸ್ಥೆಯ ಕೆಲಸವಾಗಬೇಕು.

ಸುರಕ್ಷತೆಯ ಮಾತು ಬಂದಾಗಲೆಲ್ಲ ಕೈಗವಸು, ಕನ್ನಡಕ, ಮಾಸ್ಕ್, ಬೂಟು ಕೊಟ್ಟಿದ್ದೇವೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವು ಬೇಕು. ಆದರೆ ರಕ್ತದಲ್ಲಿ ನೆನೆದ ಕೈಗವಸು ಚಾಕುವಿನ ಹಿಡಿತವನ್ನು ಸಡಿಲಿಸುತ್ತದೆ, ಬಿಸಿನೀರಿನ ಆವಿಗೆ ಕನ್ನಡಕ ಮಸುಕಾಗುತ್ತದೆ, ಮಸುಕಾದ ಕನ್ನಡಕ ಧರಿಸಿ ಹರಿತವಾದ ಚಾಕು ಬೀಸುವುದಕ್ಕಿಂತ ಅದನ್ನು ತೆಗೆದಿಡುವುದೇ ಕಾರ್ಮಿಕನಿಗೆ ಕ್ಷೇಮವೆನ್ನಿಸುತ್ತದೆ. 2024ರ ಜುಲೈನಲ್ಲಿ ಅಮೆರಿಕದ ಕೊಲರಾಡೊದಲ್ಲಿ ಹಕ್ಕಿಜ್ವರ ಬಂದ ಕೋಳಿಗಳನ್ನು ಕೊಲ್ಲುವ ಕೆಲಸದಲ್ಲಿದ್ದವರ ಪೈಕಿ ಹಲವರಿಗೆ ಸೋಂಕು ತಗಲಿತು. 40 ಡಿಗ್ರಿ ಸೆಲ್ಸಿಯಸ್ ದಾಟಿದ ಸೆಕೆಯಲ್ಲಿ ರಕ್ಷಣಾ ಉಡುಪು ಮೈಮೇಲೆ ಸರಿಯಾಗಿ ನಿಲ್ಲುತ್ತಿರಲಿಲ್ಲ, ತಂಪಿಗೆಂದು ಇಟ್ಟ ದೊಡ್ಡ ಫ್ಯಾನುಗಳು ಪುಕ್ಕವನ್ನು ಸುತ್ತೆಲ್ಲ ಹಾರಿಸುತ್ತಿದ್ದವು. ತೊಡಲಾಗದ ಉಡುಪನ್ನು ಕೊಟ್ಟು, ತೊಡಲಿಲ್ಲವೆಂದು ಕಾರ್ಮಿಕನ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ಉಡುಪಿನ ಮಾತಿಗಿಂತ ಮೊದಲು ಮಾಡಬೇಕಾದ ಕೆಲಸಗಳಿವೆ. ಗಬ್ಬದ ಪ್ರಾಣಿಯ ಗರ್ಭಕೋಶವನ್ನು ಸೀಳದೆ, ಬಾಯಿಕಟ್ಟಿ ಇಡಿಯಾಗಿ ಮುಚ್ಚಿದ ಪಾತ್ರೆಗೆ ಹಾಕುವ ಪದ್ಧತಿ ತರಬಹುದು. ರಭಸದ ನೀರಿನ ಪೈಪಿನಿಂದ ನೆಲ, ಕರುಳು ತೊಳೆಯುವಾಗ ರೋಗಾಣು ತುಂತುರಾಗಿ ಗಾಳಿಗೆ ಏರುತ್ತದೆ. ಕಡಿಮೆ ಒತ್ತಡದ ನೀರು ಬಳಸಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ ಎಂಬುದು ನನ್ನ ಅನುಭವದ ಮಾತು. ಸಾಲಿನ ವೇಗ ತಗ್ಗಿಸಿದರೆ ಕೈ ಕೊಯ್ದುಕೊಳ್ಳುವುದು ಕಡಿಮೆಯಾಗುತ್ತದೆ. ಮೊಣಕೈಯಿಂದ ತೆರೆಯುವ ನಲ್ಲಿ, ಕಣ್ಣು ತೊಳೆಯುವ ವ್ಯವಸ್ಥೆ, ಒದ್ದೆ ಬಟ್ಟೆ ಮನೆಗೆ ಒಯ್ಯದಂತೆ ಅಲ್ಲೇ ಒಗೆಸುವ ಏರ್ಪಾಡು, ಇವು ಯಾವುವೂ ಕೈಗೆಟುಕದ ಕನಸುಗಳಲ್ಲ. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಬಟ್ಟೆಯನ್ನು ಒಗೆಯುವ ಮನೆಯವರನ್ನು ಯಾವ ನೋಂದಣಿ ಪುಸ್ತಕವೂ ಕಾರ್ಮಿಕರೆಂದು ಎಣಿಸುವುದಿಲ್ಲ.

ಎಣಿಕೆಗೆ ಸಿಗದವರು ಇನ್ನೂ ಇದ್ದಾರೆ. ಗುತ್ತಿಗೆಯಲ್ಲಿ ಬರುವವರು, ಇಷ್ಟು ಪ್ರಾಣಿಗೆ ಇಷ್ಟು ಎಂದು ಕೂಲಿ ಪಡೆಯುವವರು, ಕರುಳು ತೊಳೆಯುವ ಹೆಂಗಸರು, ರಾತ್ರಿ ನೆಲ ತೊಳೆಯುವವರು. ಕಾಯಂ ನೌಕರರಿಗೆ ಆರೋಗ್ಯ ತಪಾಸಣೆ ನಡೆಯುವ ಕಡೆಯಲ್ಲೂ ಇವರು ಹೊರಗುಳಿಯುತ್ತಾರೆ. ಅಷ್ಟೇ ಅಲ್ಲ, ನಡೆಯುವ ತಪಾಸಣೆಯೂ ಬಹುಪಾಲು ಕಾರ್ಮಿಕನಿಂದ ಮಾಂಸಕ್ಕೆ ಸೋಂಕು ಹೋಗಬಾರದೆಂಬ ಉದ್ದೇಶದ್ದು. ಮಾಂಸದಿಂದ ಕಾರ್ಮಿಕನಿಗೆ ಏನು ಬಂದಿದೆ ಎಂದು ನೋಡಲು ಬೇರೆಯದೇ ರಕ್ತಪರೀಕ್ಷೆ ಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ವೃತ್ತಿಜನ್ಯ ರೋಗಗಳ ಪಟ್ಟಿಯಲ್ಲಿ ಬ್ರುಸೆಲ್ಲೋಸಿಸ್, ಆಂಥ್ರಾಕ್ಸ್, ಇಲಿ ಜ್ವರ, ಕ್ಷಯ, ಧನುರ್ವಾಯು ಎಲ್ಲವೂ ಇವೆ. 2022ರಲ್ಲಿ ಅದು ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಕಾರ್ಮಿಕರ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿತು. 2025ರ ಜೂನ್‌ನಲ್ಲಿ ಕೆಲಸದ ಸ್ಥಳದ ಜೈವಿಕ ಅಪಾಯಗಳ ಕುರಿತೇ ಒಂದು ಒಪ್ಪಂದವನ್ನು, 192ನೆಯದನ್ನು, ಅಂಗೀಕರಿಸಿತು. ಆದರೆ ಪಟ್ಟಿಯಲ್ಲಿ ಕಾಯಿಲೆಯ ಹೆಸರಿದ್ದರೆ ಪರಿಹಾರ ಸಿಕ್ಕಿತೆಂದಲ್ಲ. ಈ ಜ್ವರ ಇದೇ ಕೆಲಸದಿಂದ ಬಂತು ಎಂದು ಸಾಬೀತುಪಡಿಸುವ ಹೊಣೆ ರೋಗಿಯ ಹೆಗಲಿಗೇ ಬೀಳುತ್ತದೆ, ಅವನ ಬಳಿ ಒಂದು ಚೂರು ಕಾಗದವೂ ಇರುವುದಿಲ್ಲ. ಆ ಕಾಗದ ಇರುವುದು ತಪಾಸಣೆಯ ಕೋಣೆಯಲ್ಲಿ.

ಮಾಂಸಾಹಾರದ ಪರ ವಿರೋಧದ ವಾದ ಇಲ್ಲಿ ಬೇಡವೆಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಯಾರ ನಿಲುವು ಏನೇ ಇರಲಿ, ಹೊಟ್ಟೆಪಾಡಿಗೆ ಈ ಕೆಲಸ ಮಾಡುವ ಮನುಷ್ಯನ ಸೊಂಟನೋವಿಗೆ ಸರಿಯಾದ ಔಷಧ ಸಿಗಬೇಕು ಎಂಬುದರಲ್ಲಿ ಎರಡು ಮಾತಿರಲು ಕಾರಣವಿಲ್ಲ. ಇದರಿಂದ ಮಾಲೀಕರಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪಣೆಗೆ ಮಾತ್ರ ಉತ್ತರಿಸುತ್ತೇನೆ. ನುರಿತ ಕೈಯೊಂದು ಆರು ತಿಂಗಳು ಜ್ವರದಲ್ಲಿ ನರಳಿ ಕೆಲಸ ಬಿಟ್ಟರೆ, ಆ ಜಾಗಕ್ಕೆ ಬರುವ ಹೊಸಬ ಮೊದಲ ವಾರವೇ ಬೆರಳು ಕೊಯ್ದುಕೊಳ್ಳುತ್ತಾನೆ. ಹೊರೆ ಈಗಲೂ ಇದೆ. ಅದನ್ನು ಹೊರುತ್ತಿರುವವರು ಬೇರೆ.

ಹಾಗಾದರೆ ಮೊದಲು ಏನು ಮಾಡಬೇಕು? ತಿರಸ್ಕೃತ ಅಂಗಗಳ ಪುಸ್ತಕದಲ್ಲಿ ಕ್ಷಯ, ಕಂದು ರೋಗ, ನೆರಡಿ ರೋಗ ಅಥವಾ ಹುಚ್ಚು ಹಿಡಿದ ಲಕ್ಷಣವಿದ್ದ ಪ್ರಾಣಿಯ ಶಂಕೆ ದಾಖಲಾದಾಗಲೆಲ್ಲ, ಆ ಪಾಳಿಯಲ್ಲಿ ಆ ಪ್ರಾಣಿಯನ್ನು ಮುಟ್ಟಿದ ಎಲ್ಲರ ಹೆಸರನ್ನೂ ಅದರ ಎದುರಿನ ಕಾಲಂನಲ್ಲಿ ಬರೆಯಬೇಕು, ಕಾಯಂ ನೌಕರ, ಗುತ್ತಿಗೆಯವ ಎಂಬ ಭೇದವಿಲ್ಲದೆ. ಅದೇ ದಿನ ಪ್ರತಿಯೊಬ್ಬರ ಕೈಗೂ ಅವರಿಗೆ ಓದಲು ಬರುವ ಭಾಷೆಯಲ್ಲಿ ಒಂದು ಚೀಟಿ ಕೊಡಬೇಕು. ಯಾವ ರೋಗದ ಶಂಕೆ, ಯಾವ ಲಕ್ಷಣ ಬಂದರೆ ಎಷ್ಟು ದಿನದೊಳಗೆ ವೈದ್ಯರನ್ನು ಕಾಣಬೇಕು, ವೈದ್ಯರು ಯಾವ ಪರೀಕ್ಷೆ ಮಾಡಿಸಬೇಕು ಎಂಬುದು ಅದರಲ್ಲಿರಬೇಕು. ರೇಬಿಸ್‌ನ ಶಂಕೆಯಿದ್ದರೆ ಕಾಯುವಂತಿಲ್ಲ, ಆ ದಿನವೇ ಲಸಿಕೆ ಆರಂಭವಾಗಬೇಕು. ಕೆಲಸಕ್ಕೆ ಸೇರುವಾಗ ಪ್ರತಿಯೊಬ್ಬರ ರಕ್ತದ ಮಾದರಿಯೊಂದನ್ನು ತೆಗೆದಿಟ್ಟರೆ, ಮುಂದೆ ಜ್ವರ ಬಂದಾಗ ಹೊಸ ಸೋಂಕೋ ಹಳೆಯದೋ ಎಂದು ಹೋಲಿಸಿ ಹೇಳಬಹುದು. ಪರಿಹಾರದ ಅರ್ಜಿಗೂ ಅದೇ ಆಧಾರವಾಗುತ್ತದೆ. ಆ ರಕ್ತದ ಫಲಿತಾಂಶವನ್ನು ಕೆಲಸದಿಂದ ತೆಗೆಯಲು ಬಳಸುವಂತಿಲ್ಲ ಎಂಬ ಷರತ್ತು ಜೊತೆಗಿರಲೇಬೇಕು, ಇಲ್ಲವಾದರೆ ಯಾರೂ ತೋಳು ಚಾಚುವುದಿಲ್ಲ, ಚಾಚಬೇಕೆಂದು ನಾನೂ ಹೇಳಲಾರೆ.

ನಮೂನೆಗೆ ಒಂದು ಕಾಲಂ ಸೇರಿಸಿ, ಒಂದು ಚೀಟಿ ಅಚ್ಚು ಹಾಕಿಸಲು ಹೊಸ ಕಾನೂನು ಬೇಕಿಲ್ಲ, ಸುತ್ತೋಲೆ ಸಾಕು. ಪಶುಸಂಗೋಪನೆಯವರು, ಆರೋಗ್ಯದವರು, ಕಾರ್ಮಿಕ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂತು ಅದನ್ನು ಸಿದ್ಧಪಡಿಸಬೇಕು. ಮಾಂಸದ ಗುಣಮಟ್ಟದ ಬಗ್ಗೆ ಮುಂದಿನ ಬಾರಿ ಅಧಿಕಾರಿಗಳನ್ನು ಪ್ರಶ್ನಿಸುವಾಗ, ಕಳೆದ ವರ್ಷ ತಿರಸ್ಕರಿಸಿದ ಅಂಗಗಳೆಷ್ಟು ಎಂಬುದರ ಜೊತೆಗೆ, ಅವನ್ನು ಮುಟ್ಟಿದ ಕಾರ್ಮಿಕರಲ್ಲಿ ಎಷ್ಟು ಜನರ ರಕ್ತಪರೀಕ್ಷೆ ಆಗಿದೆ ಎಂದೂ ನಿಮ್ಮ ವರದಿಗಾರರು ಕೇಳಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಶುವೈದ್ಯ